ಸಭಾಭವನದ ವೈಫೈಗೆ ಎರಡೆರಡು ಕೇಬಲ್: ಎಂಟು ತಿಂಗಳ ತಲೆಬಿಸಿ, ಮತ್ತೆ ಅದನ್ನು ಸಮ ಮಾಡಿ ಕೊಟ್ಟ ಕುಂಬಳೆಯ ಹುಡುಗ

ಮೊದಲೇ ಹೇಳಿ ಬಿಡ್ತೇನೆ, ಇದು ಮನೆಗೆ ವೈಫೈ ಹಾಕಿಸುವವರಿಗೆ ಬರೆದದ್ದಲ್ಲ. ಸಭಾಭವನ, ಶಾಲೆ, ದೇವಸ್ಥಾನದ ಹಾಲ್, ಹೀಗೆ ಒಂದೇ ಹೊತ್ತಿಗೆ ನೂರಿನ್ನೂರು ಜನ ಫೋನ್ ಹಿಡ್ಕೊಂಡು ಕೂರುವ ಜಾಗ ನೋಡ್ಕೊಳ್ಳುವವರು ಇದ್ರೆ ಪೂರ್ತಿ ಓದಿ. ನಾನು ಎಂಟು ತಿಂಗಳು ಪಟ್ಟ ಪಾಡು ನಿಮಗೆ ಬೇಡ.

ನಮ್ಮದು ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ ಇರುವ ಸಭಾಭವನ, ಬುಕ್ಕಿಂಗ್‌ನಿಂದ ಹಿಡಿದು ಜನರೇಟರಿನ ಡೀಸೆಲ್ ತನಕ ಎಲ್ಲ ನೋಡ್ಕೊಳ್ಳುದು ನಾನೇ. ಸೀಸನ್‌ನಲ್ಲಿ ಮದುವೆ, ಉಪನಯನ. ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳ ತಿರುಗಾಟ ಮುಗಿದ ಮೇಲೆ ಮಳೆಗಾಲ ಇಡೀ ತಾಳಮದ್ದಳೆ, ಅಂದ್ರೆ ವೇಷ, ಕುಣಿತ ಇಲ್ಲದೆ ಹಾಡು, ಮಾತಲ್ಲೇ ನಡೆಯುವ ಯಕ್ಷಗಾನ. ಈಗ ಇದೆಲ್ಲದಕ್ಕೂ ಲೈವ್ ಬೇಕೇ ಬೇಕು, ಯಾಕಂದ್ರೆ ಅರ್ಧ ಕುಟುಂಬ ಗಲ್ಫಿನಲ್ಲಿ ಇರ್ತದೆ, ಉಳಿದ ಅರ್ಧ ಬೆಂಗಳೂರಲ್ಲಿ, ಹಾಲ್ ನೋಡ್ಲಿಕ್ಕೆ ಬಂದವರು ಪಾರ್ಕಿಂಗ್ ಕೇಳುವ ಮೊದಲು "ವೈಫೈ ಸಮ ಉಂಟಾ" ಅಂತ ಕೇಳ್ತಾರೆ.

ಇರುವ ಸಾಮಾನು ಇಷ್ಟು. 16 ಪೋರ್ಟಿನ ಪಿಓಇ ಮೆನೇಜ್ಡ್ ಸ್ವಿಚ್ ಒಂದು (ಅಂದ್ರೆ 16 ಕೇಬಲ್ ಚುಚ್ಚಬಹುದಾದ, ಕೇಬಲಿನಲ್ಲೇ ಕರೆಂಟೂ ಕಳಿಸುವ, ಸೆಟ್ಟಿಂಗ್ ಮಾಡ್ಲಿಕ್ಕೆ ಆಗುವ ಪೆಟ್ಟಿಗೆ), ಎರಡು ಗಿಗಾಬಿಟ್ ಪೋರ್ಟ್ ಇರುವ ವೈಫೈ 6 ಎಪಿ ಎರಡು, ಒಂದು ಸ್ಟೇಜಿನ ಮೇಲೆ, ಒಂದು ಬಾಲ್ಕನಿಯ ಅಡಿಯಲ್ಲಿ. ಎಪಿ ಅಂದ್ರೆ ಆಕ್ಸೆಸ್ ಪಾಯಿಂಟ್, ಸೀಲಿಂಗಲ್ಲಿ ತಟ್ಟೆ ಹಾಗೆ ಕಾಣ್ತದಲ್ಲ, ಅದು. ಊಟದ ಹಾಲ್‌ಗೆ ಸಾಧಾರಣದ್ದು ಇನ್ನೊಂದು. ಕಂಪೆನಿ ಹೆಸರು ಬರೀತಾ ಇಲ್ಲ, ಇಲ್ಲಿ ಆದದ್ದು ಯಾವ ಕಂಪೆನಿಯ ಪೆಟ್ಟಿಗೆಯಲ್ಲೂ ಆಗಬಹುದು. ಇದನ್ನೆಲ್ಲ ಹಾಕಿಕೊಟ್ಟವರು ಆಗ ಹೇಳಿದ್ದು, ಒಂದೊಂದು ಎಪಿಗೆ ಎರಡೆರಡು ಕೇಬಲ್ ಎಳೆದು ಎರಡನ್ನೂ ಸೇರಿಸಿದ್ರೆ 2 ಜಿಬಿಪಿಎಸ್ ಸ್ಪೀಡ್ ಬರ್ತದೆ, ಅದಕ್ಕೆ ಲಿಂಕ್ ಅಗ್ರಿಗೇಶನ್ ಅಂತ ಹೇಳುದು, ದೊಡ್ಡ ದೊಡ್ಡ ಆಫೀಸಲ್ಲಿ ಎಲ್ಲ ಹೀಗೇ ಅಂತ. ನಾವು ಒಪ್ಪಿದೆವು. ಆಗ ನಮ್ಮ ಇಂಟರ್ನೆಟ್ ಲೈನ್ ಇದ್ದದ್ದು 100 ಎಂಬಿಪಿಎಸ್. ಹೊರಗಿಂದ ಬರುವುದೇ 100 ಆಗಿರುವಾಗ ಒಳಗೆ ಎರಡು ಸಾವಿರದ ಪೈಪ್ ಯಾಕೆ ಅಂತ ಕೇಳುವಷ್ಟು ಆಗ ನಮಗೆ ಗೊತ್ತಿರಲಿಲ್ಲ, ಅವರೂ ಹೇಳಲಿಲ್ಲ.

ಒಂದೂವರೆ ವರ್ಷ ಏನೂ ತೊಂದರೆ ಇರಲಿಲ್ಲ, ಅದು ಸತ್ಯ. ಕಳೆದ ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಮಳೆಗೆ ಒಂದು ಸಂಜೆ ಸಿಡಿಲು ಬಿದ್ದು ಹಳೆ ಸ್ವಿಚ್ ಹೋಯ್ತು, ಅವರೇ ಬಂದು ಹೊಸತು ಕೂರಿಸಿ, ಇದ್ದ ಕೇಬಲೆಲ್ಲ ಅದಕ್ಕೆ ಚುಚ್ಚಿ, ಲೈಟೆಲ್ಲ ಉರಿದದ್ದು ತೋರಿಸಿ ಹೋದ್ರು. ಅಲ್ಲಿಂದ ಶುರು.

ಹಾಲ್ ಖಾಲಿ ಇದ್ರೆ ವೈಫೈ ಚಂದ. ಜನ ತುಂಬಿದ ಹಾಗೆ ಒಬ್ಬೊಬ್ಬರದ್ದೇ ನಿಲ್ತದೆ. ಫೋನಿನಲ್ಲಿ ಸಿಗ್ನಲ್ ಫುಲ್ ಇರ್ತದೆ, ವಾಟ್ಸಾಪ್ ಮೆಸೇಜ್ ಮಾತ್ರ ಗಡಿಯಾರದ ಚಿಹ್ನೆಯಲ್ಲೇ ಬಾಕಿ. ಪಕ್ಕದಲ್ಲಿ ಕೂತವರದ್ದು ಅದೇ ಎಪಿ, ಅದೇ ಪಾಸ್‌ವರ್ಡ್, ಅವರದ್ದು ಓಡ್ತಾ ಇರ್ತದೆ. ನಾಲ್ಕೈದು ನಿಮಿಷ ಬಿಟ್ಟು ನಿಂತದ್ದು ತಾನೇ ಸರಿ ಆಗ್ತದೆ, ಮತ್ತೆ ಸ್ವಲ್ಪ ಹೊತ್ತಿಗೆ ಇನ್ಯಾರದ್ದೋ ನಿಲ್ತದೆ. ಎಪಿ ಆಫ್ ಮಾಡಿ ಆನ್ ಮಾಡಿದ್ರೆ ಅರ್ಧ ಗಂಟೆ ಸುಖ, ಹಾಗಾಗಿ ಎಲ್ಲರೂ ಎಪಿಯನ್ನೇ ಬಯ್ದದ್ದು. ಹಾಕಿಕೊಟ್ಟವರಿಗೆ ಫೋನ್ ಮಾಡಿದ್ರೆ ಒಂದು ಸಲ "ಇಂಟರ್ನೆಟ್ ಕಂಪೆನಿಯವರದ್ದು ಪ್ರಾಬ್ಲಂ, ಪ್ಲ್ಯಾನ್ ಜಾಸ್ತಿ ಮಾಡಿ", ಮಾಡಿದೆವು, 300 ಎಂಬಿಪಿಎಸ್ ಆಯ್ತು, ತಿಂಗಳ ಬಿಲ್ಲೂ ಏರಿತು. ಇನ್ನೊಂದು ಸಲ ಫರ್ಮ್‌ವೇರ್ ಅಪ್ಡೇಟ್ ಮಾಡಿ ಅಂದ್ರು, ಅದೂ ಆಯ್ತು. ಮತ್ತೆ "ಜನ ಜಾಸ್ತಿ ಆದ್ರೆ ಹಾಗೇ ಸರ್" ಅಂತ. ಜನ ಜಾಸ್ತಿ ಬರ್ತಾರೆ ಅಂತಲೇ ಅಲ್ವಾ ನಾವು ಅಷ್ಟು ದುಡ್ಡು ಕೊಟ್ಟದ್ದು.

ತಾಳಮದ್ದಳೆಯ ಮೊದಲನೇ ದಿವಸ ಕರ್ಣನ ಅರ್ಥ, ಅಂದ್ರೆ ಪಾತ್ರದ ಮಾತು, ಒಳ್ಳೆ ರಸಕ್ಕೆ ಬಂದಿತ್ತು, ಇಡೀ ಹಾಲ್ ಗಪ್‌ಚಿಪ್, ಆಗ ಮಸ್ಕತ್‌ನಿಂದ ನಮ್ಮ ಭಾವನ ಫೋನ್. "ಭಾವಾ, ಕರ್ಣ ಕೈ ಎತ್ತಿದವ ಹಾಗೇ ನಿಂತಿದ್ದಾನೆ, ಹತ್ತು ನಿಮಿಷ ಆಯ್ತು." ಆ ಕಲಾವಿದರಿಗೆ ವಯಸ್ಸಾಗಿದೆ, ಅವರ ಅರ್ಥ ಇನ್ನು ಎಷ್ಟು ಸಲ ಕೇಳ್ಲಿಕ್ಕೆ ಸಿಗ್ತದೆ ಗೊತ್ತಿಲ್ಲ, ರೆಕಾರ್ಡಿಂಗೂ ಅದೇ ಲೈವ್‌ನದ್ದೇ, ಅಷ್ಟು ಭಾಗ ಹೋದದ್ದು ಹೋದದ್ದೇ. ಅವತ್ತು ರಾತ್ರಿ ನಿದ್ರೆ ಬರಲಿಲ್ಲ ನನಗೆ.

ಮರುದಿನ ಲೈವ್ ತಂಡದವರೇ ಒಬ್ಬರ ನಂಬರ್ ಕೊಟ್ರು. ಕುಂಬಳೆಯಲ್ಲಿ ಸಣ್ಣ ಅಂಗಡಿ, ಸಿಸಿಟಿವಿ, ಇನ್ವರ್ಟರ್, ನೆಟ್‌ವರ್ಕ್ ಕೆಲಸ, ಹುಡುಗನಿಗೆ ಮೂವತ್ತರ ಒಳಗೆ. ಬರ್ತೇನೆ ಅಂದ ದಿನ ಬರಲಿಲ್ಲ, ಫೋನೂ ತೆಗೀಲಿಲ್ಲ, ಎರಡು ದಿನ ಬಿಟ್ಟು ಬೆಳಗ್ಗೆ ಏಳು ಗಂಟೆಗೆ ಗೇಟಲ್ಲಿ ನಿಂತಿದ್ದ. ಇದೊಂದು ಕೊರತೆ ಅವನದ್ದು, ಬರೀಲೇಬೇಕು.

ಬಂದವ ಎಪಿಯನ್ನು ಮುಟ್ಟಲೇ ಇಲ್ಲ. ಎಂತದ್ದೂ ಬದಲಿಸುವ ಮೊದಲು ಸ್ಟೇಜಿನ ಎಪಿಯ ಎರಡನೇ ಕೇಬಲನ್ನು ಸ್ವಿಚ್‌ನಿಂದ ಕಿತ್ತು ಕೈಯಲ್ಲಿ ಹಿಡ್ಕೊಂಡು "ಅಣ್ಣ, ಈಗ ನಿಮ್ಮ ಅಡುಗೆಯವರು, ಶಾಮಿಯಾನದವರು, ಎಲ್ಲರಿಗೂ ಒಮ್ಮೆ ವೈಫೈ ಹಾಕಿ ವಿಡಿಯೋ ನೋಡ್ಲಿಕ್ಕೆ ಹೇಳಿ" ಅಂದ. ಹದಿನೆಂಟು ಜನ ಇದ್ರು, ಒಂದು ಗಂಟೆ ಆದ್ರೂ ಒಬ್ಬರದ್ದೂ ನಿಲ್ಲಲಿಲ್ಲ. ಕೇಬಲ್ ವಾಪಸ್ ಚುಚ್ಚಿದ, ಹತ್ತು ನಿಮಿಷದಲ್ಲಿ ಮೂರು ಜನರದ್ದು ನಿಂತಿತು. ನೋಡಿ, ಈ ಪರೀಕ್ಷೆಗೆ ಎಂತ ಖರ್ಚೂ ಇಲ್ಲ, ಯಾವ ಕಲಿಕೆಯೂ ಬೇಡ, ಎರಡು ಕೇಬಲ್ ಹಾಕಿಸಿದ ಯಾರು ಬೇಕಾದ್ರೂ ಮಾಡಬಹುದು. ಒಂದರಲ್ಲಿ ಸರಿ, ಎರಡರಲ್ಲಿ ಗೋಟಾಳೆ ಅಂತಾದ್ರೆ ತಪ್ಪಿರುದು ಎರಡನ್ನೂ ಸೇರಿಸಿದ ರೀತಿಯಲ್ಲಿ. ನಾವು ಎಂಟು ತಿಂಗಳು ಇದೊಂದನ್ನು ಮಾಡಲಿಲ್ಲ.

ಮತ್ತೆ ಸ್ವಿಚ್‌ನ ಲಾಗ್, ಅಂದ್ರೆ ಅದು ತಾನೇ ಬರೆದಿಡುವ ದಿನಚರಿ, ತೆರೆದು ತೋರಿಸಿದ. ಸಾಲು ಸಾಲು ಒಂದೇ ಥರದ ಬರಹ: ಇಂಥ ಮ್ಯಾಕ್ ಅಡ್ರೆಸ್ (ಒಂದೊಂದು ಫೋನಿನ ಗುರುತಿನ ನಂಬರ್) 5ನೇ ಪೋರ್ಟಿನಿಂದ 6ಕ್ಕೆ ಹೋಯ್ತು, 6ರಿಂದ 5ಕ್ಕೆ ಬಂತು, ಪುನಃ 6ಕ್ಕೆ. ಎಪಿಯ ಕಡೆಯಲ್ಲಿ "ಈ ಎರಡು ಪೋರ್ಟ್ ಒಂದೇ" ಅಂತ ಹಳೇ ಸೆಟ್ಟಿಂಗ್ ಹಾಗೇ ಉಂಟು. ಹೊಸ ಸ್ವಿಚ್‌ಗೆ ಆ ವಿಷಯ ಯಾರೂ ಹೇಳಲೇ ಇಲ್ಲ, ಅದಕ್ಕೆ 5 ಬೇರೆ, 6 ಬೇರೆ. ಒಬ್ಬರ ಫೋನಿನ ಡಾಟಾವನ್ನು ಎಪಿ ಒಮ್ಮೆ ಇದರಲ್ಲಿ, ಒಮ್ಮೆ ಅದರಲ್ಲಿ ಕಳಿಸಿದಾಗ ಸ್ವಿಚ್‌ಗೆ ಒಂದೇ ಫೋನ್ ಎರಡು ಕಡೆ ಕಂಡ ಹಾಗೆ ಆಗ್ತದೆ. ಹಾಗೆ ಪದೇ ಪದೇ ಕಂಡ್ರೆ ಎಲ್ಲೋ ಲೂಪ್ ಆಗಿ ಡಾಟಾ ಸುತ್ತಿ ಸುತ್ತಿ ಬರ್ತಾ ಇದೆ ಅಂತ ತಿಳ್ಕೊಂಡು ಆ ಪೋರ್ಟನ್ನು 5 ನಿಮಿಷ ತಡೆ ಹಿಡಿಯುವ ವ್ಯವಸ್ಥೆ ನಮ್ಮ ಸ್ವಿಚ್‌ನಲ್ಲಿ ಆನ್ ಇತ್ತು. ನಾಲ್ಕೈದು ನಿಮಿಷ ಬಿಟ್ಟು ತಾನೇ ಸರಿ ಆಗ್ತಿದ್ದದ್ದು ಅದಕ್ಕೇ ಮಾರಾಯ್ರೆ.

ಇನ್ನೊಂದು ಸಂಗತಿ ನನಗೆ ಅರ್ಥ ಆದದ್ದು ಅವನು ಊಟದ ಪಂಕ್ತಿಯ ಲೆಕ್ಕದಲ್ಲಿ ಹೇಳಿದ ಮೇಲೆ. "ಅಣ್ಣ, ಎರಡು ಪಂಕ್ತಿಗೆ ಇಬ್ಬರು ಸಾರು ಬಡಿಸ್ತಾರೆ ಅಂತ ಇಟ್ಕೊಳ್ಳಿ. ಇಬ್ಬರಿದ್ದಾರೆ ಅಂತ ನಿಮ್ಮ ಒಂದು ಎಲೆಗೆ ಎರಡು ಸೌಟು ಒಟ್ಟಿಗೆ ಬೀಳುದಿಲ್ಲ. ನೀವು ಯಾವ ಪಂಕ್ತಿಯಲ್ಲಿ ಕೂತಿದ್ದೀರೋ ಆ ಪಂಕ್ತಿಯವನೇ ಬಡಿಸಬೇಕು." ಕೇಬಲ್ ಎರಡಿದ್ರೂ ಒಂದು ಫೋನಿನ ಒಂದು ವಿಡಿಯೋ ಹೋಗುದು ಒಂದೇ ಕೇಬಲ್‌ನಲ್ಲಿ. ಯಾವುದರಲ್ಲಿ ಅಂತ ಮ್ಯಾಕ್ ಅಡ್ರೆಸ್, ಐಪಿ ಅಡ್ರೆಸ್, ಆ್ಯಪಿನ ಪೋರ್ಟ್ ನಂಬರ್ (ಸ್ವಿಚ್ಚಿನ ಪೋರ್ಟ್ ಅಲ್ಲ) ಇದರ ಮೇಲೆ ಒಂದು ಲೆಕ್ಕ ಹಾಕಿ ತೀರ್ಮಾನ ಆಗ್ತದೆ, ಅದಕ್ಕೆ ಹ್ಯಾಶ್ ಅಂತ ಹೆಸರು. ಹಾಗಾಗಿ 2 ಜಿಬಿಪಿಎಸ್ ಅಂತ ಹೇಳುದು ಇಡೀ ಹಾಲಿನ ಲೆಕ್ಕಕ್ಕೆ, ಒಬ್ಬನ ಲೆಕ್ಕಕ್ಕೆ ಅಲ್ಲ. ತಡೆ ಹಿಡಿದ ಪೋರ್ಟಿನ ಪಾಲಿಗೆ ಬಿದ್ದವರಿಗೆ ಎಂತದೂ ಬರುದಿಲ್ಲ, ಪಕ್ಕದವರಿಗೆ ಎಲ್ಲ ಬರ್ತದೆ. ಎಂಟು ತಿಂಗಳು ನನಗೆ ಬಿಡಿಸಲಿಕ್ಕೆ ಆಗದ ಒಗಟು ಸಾರು ಬಡಿಸುವ ಲೆಕ್ಕದಲ್ಲಿ ಬಿಟ್ಟಿತು.

ಪೋರ್ಟ್ ತಡೆ ಹಿಡಿದ್ರೆ ಎಪಿಗೆ ಗೊತ್ತಾಗುದಿಲ್ವಾ, ಎಲ್ಲವನ್ನೂ ಇನ್ನೊಂದು ಕೇಬಲ್‌ಗೆ ಹಾಕಬಹುದಲ್ಲ ಅಂತ ನಾನು ಕೇಳಿದೆ. ಗೊತ್ತಾಗುದಿಲ್ಲ. ನಮ್ಮ ಎಪಿಯಲ್ಲಿ ಹಾಕಿದ್ದು ಸ್ಟ್ಯಾಟಿಕ್, ಅಂದ್ರೆ ಕೇಬಲಿನ ಲೈಟ್ ಉರೀತಾ ಇದ್ರೆ ಸಾಕು, ಆಚೆ ಕಡೆ ಯಾರಾದ್ರೂ ಕೇಳಿಸ್ಕೊಳ್ತಾರಾ ಇಲ್ವಾ ಅಂತ ನೋಡುದಿಲ್ಲ. ಸ್ವಿಚ್ ಪೋರ್ಟನ್ನು ಒಳಗಿಂದ ತಡೆದದ್ದು, ಲೈಟ್ ಆರಿಸಿಲ್ಲ. ಇದಕ್ಕೇ ಎಲ್‌ಎಸಿಪಿ ಅಂತ ಒಂದು ವ್ಯವಸ್ಥೆ ಇರುದು. 2000ನೇ ಇಸವಿಯಲ್ಲೇ 802.3ಎಡಿ ಅಂತ ಸ್ಟ್ಯಾಂಡರ್ಡ್ ಆಗಿ ಬಂತು, 2008ರಲ್ಲಿ 802.1ಎಎಕ್ಸ್ ಅಂತ ಬೇರೆ ಪುಸ್ತಕಕ್ಕೆ ಹೋಯ್ತು, ಆದ್ರೂ ಅಂಗಡಿಯವರ ಬಾಯಲ್ಲಿ ಈಗಲೂ ಹಳೇ ಹೆಸರೇ. ಅದರಲ್ಲಿ ಎರಡೂ ಕಡೆಯವರು ಪ್ರತಿ ಕೇಬಲ್‌ನಲ್ಲೂ "ನಾನಿದ್ದೇನೆ, ನೀನಿದ್ದೀಯಾ" ಅಂತ ಮಾತಾಡ್ತಾ ಇರ್ತಾರೆ. ಫಾಸ್ಟ್ ಇಟ್ರೆ ಸೆಕೆಂಡಿಗೊಮ್ಮೆ, ಸ್ಲೋ ಇಟ್ರೆ 30 ಸೆಕೆಂಡಿಗೊಮ್ಮೆ, ಮೂರು ಸಲದ ಹೊತ್ತು ಉತ್ತರ ಬರದಿದ್ರೆ ಆ ಕೇಬಲನ್ನು ಗುಂಪಿನಿಂದ ಹೊರಗೆ ಹಾಕುದು. ಅಂದ್ರೆ ಫಾಸ್ಟ್‌ನಲ್ಲಿ 3 ಸೆಕೆಂಡಿಗೆ ಗೊತ್ತಾಗ್ತದೆ, ಸ್ಲೋದಲ್ಲಿ 90 ಸೆಕೆಂಡ್ ಬೇಕು, ಲೈವ್ ಇರುವ ಜಾಗದಲ್ಲಿ 90 ಸೆಕೆಂಡ್ ತುಂಬ ದೊಡ್ಡದು. ಒಂದು ಕಡೆ ಆಕ್ಟಿವ್ (ತಾನೇ ಮಾತು ಶುರು ಮಾಡುದು), ಇನ್ನೊಂದು ಕಡೆ ಪ್ಯಾಸಿವ್ (ಮಾತಾಡಿಸಿದ್ರೆ ಮಾತ್ರ ಉತ್ತರ ಕೊಡುದು) ಆದ್ರೂ ನಡೀತದೆ, ಎರಡೂ ಪ್ಯಾಸಿವ್ ಆದ್ರೆ ಇಬ್ಬರೂ ಸುಮ್ಮನೆ ಕೂರ್ತಾರೆ, ಮಾತೇ ಶುರು ಆಗುದಿಲ್ಲ. ಅವನು ಎರಡೂ ಕಡೆ ಆಕ್ಟಿವ್, ಫಾಸ್ಟ್ ಇಟ್ಟ.

ಇಷ್ಟಕ್ಕೇ ಮುಗೀಲಿಲ್ಲ. ಬಾಲ್ಕನಿಯ ಎಪಿಯಲ್ಲಿ ಎರಡೂ ಕೇಬಲ್ ಕೂಡ್ಲೆ ಗುಂಪಿಗೆ ಸೇರಿದವು, ಸ್ಟೇಜಿನದ್ದರಲ್ಲಿ 5 ಸೇರಿತು, 6 ಸೇರಲೇ ಇಲ್ಲ. ನೋಡಿದ್ರೆ 6ನೇ ಪೋರ್ಟಿನ ಸ್ಪೀಡ್ 100 ಎಂಬಿಪಿಎಸ್ ತೋರಿಸ್ತದೆ, 5ರದ್ದು 1000. ಎಲ್‌ಎಸಿಪಿಯಲ್ಲಿ ಬೇರೆ ಬೇರೆ ಸ್ಪೀಡಿನ ಕೇಬಲ್ ಒಂದೇ ಗುಂಪಲ್ಲಿ ಓಡುದಿಲ್ಲ. ಸ್ಟ್ಯಾಟಿಕ್‌ನಲ್ಲಿ ಇದೆಲ್ಲ ಅಡಗಿ ಕೂತಿತ್ತು.

ಅವನು ಏಣಿ ಹಾಕಿ ಹತ್ತಿ ಕೇಬಲಿನ ಎಪಿ ಕಡೆಯ ತುದಿಯ ಆರ್‌ಜೆ45 ಪ್ಲಗ್ಗನ್ನು ಕತ್ತರಿಸಿ ಕೆಳಗೆ ತಂದ. ಮೊಬೈಲ್ ಟಾರ್ಚ್ ಹಾಕಿ ನೋಡಿದ್ರೆ ಎಂಟು ತಂತಿಯಲ್ಲಿ ಏಳು ಪ್ಲಗ್ಗಿನ ತುದಿ ತನಕ ಹೋಗಿವೆ, ಕಂದು ಬಣ್ಣದ್ದು ಒಂದು ಮಾತ್ರ ಅಕ್ಕಿ ಕಾಳಿನಷ್ಟು ಗಿಡ್ಡ, ಹಿತ್ತಾಳೆ ಬಣ್ಣದ ಹಲ್ಲು ಅದರ ಮೇಲೆ ಕೂತೇ ಇಲ್ಲ. ಗಿಗಾಬಿಟ್‌ಗೆ ನಾಲ್ಕೂ ಜೊತೆ ತಂತಿ ಬೇಕು, 100ಕ್ಕೆ ಎರಡೇ ಜೊತೆ ಸಾಕು, 1, 2, 3, 6 ಪಿನ್ನಿನದ್ದು. ಕಂದು ಜೊತೆ 7, 8ರದ್ದು, ಅದು ಹೋದ್ರೂ ಲೈಟ್ ಉರೀತದೆ, ನೆಟ್ ಬರ್ತದೆ, ಸ್ಪೀಡ್ 100ಕ್ಕೆ ಇಳೀತದೆ. ಅಷ್ಟಕ್ಕೇ ಬಿಡದೆ ಅವನು ಬ್ಲೇಡಲ್ಲಿ ತಂತಿಯನ್ನು ಮೆಲ್ಲ ಕೆರೆದ. ಮೇಲೆ ತಾಮ್ರದ ಕೆಂಪು, ಒಳಗೆ ಬೆಳ್ಳಗೆ ಹೊಳೀತಾ ಇದೆ. ಅಲ್ಯೂಮಿನಿಯಂ. ಮೇಲೆ ತಾಮ್ರದ ಲೇಪ ಅಷ್ಟೆ, ಇದಕ್ಕೆ ಸಿಸಿಎ ಅಂತಾರೆ. ಅಪ್ಪಟ ತಾಮ್ರದ ದುಡ್ಡು ಕೊಟ್ಟದ್ದು ನಾವು, ಬಿಲ್ ಇನ್ನೂ ನನ್ನ ಹತ್ರ ಉಂಟು. ಬರೀ ಡಾಟಾ ಆದ್ರೆ ಹೇಗೋ ನಡೀಬಹುದು, ಆದ್ರೆ ಪಿಓಇ ಅಂದ್ರೆ ಅದೇ ತಂತಿಯಲ್ಲಿ ಕರೆಂಟೂ ಹೋಗುದು, ನಮ್ಮ ಎಪಿಗೆ 802.3ಎಟಿ ಅನ್ನುವ ಪಿಓಇ ಬೇಕು, ಸ್ವಿಚ್ ಕಡೆಯಿಂದ 30 ವ್ಯಾಟ್ ತನಕ. ಅಲ್ಯೂಮಿನಿಯಂಗೆ ತಡೆ ಜಾಸ್ತಿ, ದಾರಿಯಲ್ಲಿ ವೋಲ್ಟೇಜ್ ಇಳೀತದೆ, ತಂತಿ ಬಿಸಿ ಆಗ್ತದೆ. ಮಕ್ಕಳು ಮರಿ ಓಡಾಡುವ ಹಾಲಿನ ಸೀಲಿಂಗ್ ಒಳಗೆ ಅಂಥದ್ದು ಎಳೆದು ಹೋಗಿದ್ದಾರೆ ಅಂತ ಗೊತ್ತಾದಾಗ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕೇಬಲ್ ತಗೊಳ್ಳುವಾಗ ಒಂದು ತುಂಡು ಕೆರೆದು ನೋಡಿಯೇ ತಗೊಳ್ಳಿ, ಅಂಗಡಿಯವರು ಬೇಜಾರು ಮಾಡ್ಕೊಂಡ್ರೂ ತೊಂದರೆ ಇಲ್ಲ.

ಸ್ಟೇಜಿನ ಎಪಿಗೆ ಎರಡೂ ಕೇಬಲ್ ಹೊಸತು ಎಳೆಸಿದೆವು. ಇಲ್ಲಿ ಅವನು ಮಾಡಿದ ಇನ್ನೊಂದು ಕೆಲಸ ನನಗೆ ತುಂಬ ಇಷ್ಟ ಆಯ್ತು. ಮೊದಲು ಎರಡೂ ಕೇಬಲ್ ಒಂದೇ ಪೈಪಲ್ಲಿ ಇತ್ತು. "ಇಲಿ ಒಂದನ್ನು ಕಚ್ಚಿದ್ರೆ ಪಕ್ಕದ್ದನ್ನು ಬಿಡ್ತದಾ ಅಣ್ಣ" ಅಂತ ಹೇಳಿ ಒಂದನ್ನು ಎಡದ ಗೋಡೆಯಲ್ಲಿ, ಇನ್ನೊಂದನ್ನು ಬಲದ ಗೋಡೆಯಲ್ಲಿ ತಂದ. ನಮ್ಮಂಥ ಜಾಗಕ್ಕೆ ಎರಡು ಕೇಬಲ್ ಬೇಕಾದದ್ದು ಸ್ಪೀಡಿಗಲ್ಲ, ಒಂದು ಕೈಕೊಟ್ರೂ ಇನ್ನೊಂದರಲ್ಲಿ ಓಡ್ತಾ ಇರಬೇಕು ಅಂತ. ಒಂದು ಗಿಗಾಬಿಟ್ ಕೇಬಲ್‌ನಲ್ಲೇ 940 ಎಂಬಿಪಿಎಸ್ ಹತ್ರ ಹೋಗ್ತದೆ, ನಮ್ಮ ಲೈನ್ 300, ಅದು ತುಂಬುದೇ ಇಲ್ಲ. ಇನ್ನು ಸ್ಪೀಡೇ ಬೇಕಾದ್ರೆ 2.5 ಗಿಗಾಬಿಟ್ ಪೋರ್ಟ್ ಇರುವ ಎಪಿ ಮತ್ತೆ ಸ್ವಿಚ್ ತಗೊಳ್ಳಿ, ಆ ಸ್ಟ್ಯಾಂಡರ್ಡ್ 2016ರಲ್ಲೇ ಬಂದಿದೆ, ಒಳ್ಳೆ ಕ್ಯಾಟ್5ಇ ಕೇಬಲ್ ಆದ್ರೆ 100 ಮೀಟರ್ ತನಕ ಓಡ್ತದೆ, ಈ ಗುಂಪು ಮಾಡುವ ರಗಳೆ ಇಲ್ಲ.

ಕೆಲಸದ ನಡುವೆ ಎರಡು ಸಣ್ಣ ಎಡವಟ್ಟು. ಗುಂಪು ಮಾಡಿದ ಮೇಲೆ ಅತಿಥಿಗಳ ವೈಫೈ ಪೂರ್ತಿ ಹೋಯ್ತು, ಅದರ ವಿಲ್ಯಾನ್ (ಒಂದೇ ಕೇಬಲಲ್ಲಿ ಅತಿಥಿಗಳ ನೆಟ್ ಬೇರೆ ಇಡುವ) ಸೆಟ್ಟಿಂಗನ್ನು ಬಿಡಿ ಪೋರ್ಟಿಗೆ ಹಾಕಿದ್ದು, ಗುಂಪಿಗೆ ಹಾಕಬೇಕಿತ್ತು, ಹತ್ತು ನಿಮಿಷದಲ್ಲಿ ಸರಿ ಮಾಡಿದ. ಮತ್ತೊಂದು ಕರೆಂಟಿನದ್ದು, ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಎಷ್ಟು ಹೊತ್ತಿಗೆ ಹೋಗ್ತದೆ ಅಂತ ಹೇಳ್ಲಿಕ್ಕೆ ಆಗುದಿಲ್ಲ. ಎಪಿ ಹೊಸತಾಗಿ ಆನ್ ಆಗುವಾಗ ಮೊದಲು ನೆಟ್‌ವರ್ಕಿಗೆ ಸೇರಿ, ಎಪಿಗಳನ್ನೆಲ್ಲ ನಡೆಸುವ ಕಂಟ್ರೋಲರಿನಿಂದ ತನ್ನ ಸೆಟ್ಟಿಂಗ್ ತಗೊಳ್ಬೇಕು, ಆಮೇಲೆಯೇ ಎಲ್‌ಎಸಿಪಿ ಮಾತಾಡುದು. ಸ್ವಿಚ್ ಹೇಳ್ತದೆ, ನೀನು ಮೊದಲು ಎಲ್‌ಎಸಿಪಿ ಮಾತಾಡು, ಮತ್ತೆ ಒಳಗೆ ಬಿಡ್ತೇನೆ. ಹಾಗಾದ್ರೆ ಇಬ್ಬರೂ ಕಾಯ್ತಾ ಕೂರುದೇ. ಅದಕ್ಕೆ ಸ್ವಿಚ್‌ನಲ್ಲಿ ಫಾಲ್‌ಬ್ಯಾಕ್ ಅಂತ ಒಂದು ಟಿಕ್ ಉಂಟು, ಎಲ್‌ಎಸಿಪಿ ಬರುವ ತನಕ ಒಂದು ಪೋರ್ಟನ್ನು ಮಾಮೂಲಿ ಹಾಗೆ ಬಿಡುದು. ಅದನ್ನು ಹಾಕಿ, ಮೈನ್ ಸ್ವಿಚ್ ಎರಡು ಸಲ ಇಳಿಸಿ ಏರಿಸಿ ನೋಡಿಯೇ ಅವನು ಹೊರಟದ್ದು. ಈ ಆಯ್ಕೆ ಎಲ್ಲ ಸ್ವಿಚ್‌ನಲ್ಲಿ ಇರುದಿಲ್ಲ, ತಗೊಳ್ಳುವಾಗಲೇ ಕೇಳಿ.

ಕೊನೆಗೆ ನನ್ನ ಕೈಯಲ್ಲೇ ಕೀಳಿಸಿದ. ಫೋನಿನಲ್ಲಿ ವಿಡಿಯೋ ಓಡ್ತಾ ಇರುವಾಗ 5ನ್ನು ಕಿತ್ತೆ, ನಿಲ್ಲಲಿಲ್ಲ. ವಾಪಸ್ ಹಾಕಿ, ಅದು ಗುಂಪಿಗೆ ಸೇರಿತು ಅಂತ ಪರದೆಯಲ್ಲಿ ನೋಡಿ, 6ನ್ನು ಕಿತ್ತೆ, ಆಗಲೂ ನಿಲ್ಲಲಿಲ್ಲ. ಎಪಿಗೆ ಕರೆಂಟ್ ಎರಡೂ ಪೋರ್ಟಿನಿಂದ ಬರುವ ಮಾಡೆಲ್ ನಮ್ಮದು, ಹಾಗಾಗಿ ಇದು ಆಯ್ತು, ಒಂದೇ ಪೋರ್ಟಿನಲ್ಲಿ ಪಿಓಇ ತಗೊಳ್ಳುವ ಮಾಡೆಲ್ ತುಂಬ ಉಂಟು, ಅದರಲ್ಲಿ ಆ ಕೇಬಲ್ ಹೋದ್ರೆ ಎಪಿಯೇ ಆಫ್. ಲೈವ್‌ನ ಲ್ಯಾಪ್‌ಟಾಪನ್ನು ವೈಫೈಯಲ್ಲಿ ಇಟ್ಟದ್ದಕ್ಕೆ ನನಗೆ ಸ್ವಲ್ಪ ಬೈಗಳೂ ಸಿಕ್ಕಿತು, ಅದಕ್ಕೆ ಸ್ಟೇಜಿನ ಬದಿಯಲ್ಲಿ ನೇರ ಕೇಬಲಿನ ಪಾಯಿಂಟ್ ಕೊಟ್ಟಿದ್ದಾನೆ.

ಸಾಮಾನಿನ ಬಗ್ಗೆ ಹೇಳುದಾದ್ರೆ ಸ್ವಿಚ್‌ಗೆ ಐದರಲ್ಲಿ ನಾಲ್ಕು ಕೊಡ್ತೇನೆ, ಲಾಗ್ ಸ್ಪಷ್ಟ ಉಂಟು. ಎಪಿಗೆ ಮೂರೇ. ರೇಂಜ್ ಒಳ್ಳೆದುಂಟು, ಆದ್ರೆ ಅದರ ಆ್ಯಪ್ ಎಂಟು ತಿಂಗಳೂ ಎರಡು ಕೇಬಲಿಗೂ ಹಸಿರು ಗುರುತು ತೋರಿಸ್ತಾ ಇತ್ತು, ಒಂದರಲ್ಲಿ ಸ್ಪೀಡ್ 100 ಅಂತ ನಾಲ್ಕು ಮೆನು ಒಳಗೆ ಹೋಗಿ ಹುಡುಕಬೇಕು. ಮೊದಲು ಹಾಕಿಕೊಟ್ಟವರಿಗೆ ಒಂದು ಅಂಕವೂ ಕೊಡ್ಲಿಕ್ಕೆ ಮನಸ್ಸಿಲ್ಲ. ಕುಂಬಳೆಯ ಹುಡುಗನಿಗೆ ಪೂರ್ತಿ ಐದು, ಫೋನ್ ತೆಗೆಯದ್ದು ಕ್ಷಮಿಸಿ. ಎರಡು ದಿನದ ಕೆಲಸಕ್ಕೆ 3500 ರೂಪಾಯಿ ತಗೊಂಡ, ಕೇಬಲ್ ಬೇರೆ, ಅದರ ಬಿಲ್ ಸಮೇತ ಕೊಟ್ಟ.

ಅವನು ಹೋದ ಮೇಲೆ ರ‍್ಯಾಕಿನ ಬಾಗಿಲು ಹಾಕಲಿಕ್ಕೆ ಹೋದೆ, ಒಳಗಡೆ ಒಂದು ಕಾಗದ ಅಂಟಿಸಿದ್ದಾನೆ, ಮೇಲೆ ಪ್ಲಾಸ್ಟಿಕ್ ಟೇಪ್. ಕನ್ನಡದಲ್ಲಿ, ಶಾಲೆ ಮಕ್ಕಳ ಹಾಗೆ ಗುಂಡು ಅಕ್ಷರ: "5, 6 ಸ್ಟೇಜ್, ಒಂದೇ ಗುಂಪು. 7, 8 ಬಾಲ್ಕನಿ, ಒಂದೇ ಗುಂಪು. ಸ್ವಿಚ್ ಬದಲಿಸಿದ್ರೆ ಗುಂಪು ಪುನಃ ಮಾಡಬೇಕು. ಆಗದಿದ್ರೆ 6, 8 ಕಿತ್ತು ಇಡಿ, ಒಂದೊಂದರಲ್ಲಿ ಓಡ್ತದೆ." ನಮ್ಮ ವಾಚ್‌ಮ್ಯಾನ್ ಏಳನೇ ಕ್ಲಾಸ್ ಓದಿದವರು, ಅವರಿಗೂ ಅರ್ಥ ಆಗ್ತದೆ. ಹೋದ ತುಲಾ ತಿಂಗಳಲ್ಲಿ ಈ ನಾಲ್ಕು ಸಾಲು ಇದ್ದಿದ್ರೆ ಕರ್ಣನ ಅರ್ಥ ಪೂರ್ತಿ ಉಳೀತಿತ್ತು.

ಇದಾಗಿ ಆರು ತಾಳಮದ್ದಳೆ ಕಳೀತು, ಮಸ್ಕತ್‌ನಿಂದ ಫೋನ್ ಬಂದದ್ದು ಒಮ್ಮೆ ಮಾತ್ರ, ಭಾಗವತರ ಸ್ವರ ಒಳ್ಳೆ ಕೇಳ್ತಾ ಉಂಟು ಅಂತ ಹೇಳ್ಲಿಕ್ಕೆ. ಊಟದ ಹಾಲ್ ಬೇರೆ ಕಟ್ಟಡ, ಅಲ್ಲಿಗೆ ತಾಮ್ರದ ಕೇಬಲ್ ಇನ್ನೂ ಹೊರಗಿಂದಲೇ ಹೋಗ್ತಾ ಉಂಟು, ಸಿಡಿಲಿಗೆ ಅದು ದಾರಿ ಆಗ್ತದೆ, ಫೈಬರ್ ಹಾಕಿಸಿ ಅಂತ ಅವನು ಹೇಳಿದ್ದಾನೆ. ತುಲಾ ತಿಂಗಳ ಒಳಗೆ ಅದನ್ನು ಮಾಡಿಸಬೇಕು.